ಆಟದೊಳಗೆ ಉಳಿದ ಅಜ್ಜಿಯ ಭಾಷೆ

ಪ್ರತಿವರ್ಷ ಸೆಪ್ಟೆಂಬರ್ 15ರಿಂದ ಅಕ್ಟೋಬರ್ 15ರವರೆಗೆ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಹಿಸ್ಪಾನಿಕ್ ಪರಂಪರೆಯ ಮಾಸಾಚರಣೆ ನಡೆಯುತ್ತದೆ. ಸ್ಪ್ಯಾನಿಷ್ ಭಾಷೆಯ ನಾಡುಗಳ ಮೂಲದವರನ್ನು ಅಲ್ಲಿ ಹಿಸ್ಪಾನಿಕರೆಂದು ಕರೆಯುವರು. 1968ರಲ್ಲಿ ಒಂದು ವಾರದ ಆಚರಣೆಯಾಗಿ ಆರಂಭವಾದ ಇದು 1988ರಲ್ಲಿ ಒಂದು ತಿಂಗಳಿಗೆ ವಿಸ್ತರಣೆಗೊಂಡಿತು. ಮಧ್ಯ ಅಮೆರಿಕದ ಐದು ರಾಷ್ಟ್ರಗಳ ಸ್ವಾತಂತ್ರ್ಯ ದಿನ ಸೆಪ್ಟೆಂಬರ್ 15, ಮರುದಿನ ಮೆಕ್ಸಿಕೋದ್ದು. ಹಿರಿಯರ ಭಾಷಣಗಳ ಮಾತಿರಲಿ, ಮಕ್ಕಳ ಸಂಭ್ರಮಕ್ಕೆ ಅನೇಕ ಊರುಗಳಲ್ಲಿ ಸಾರ್ವಜನಿಕ ಗ್ರಂಥಾಲಯವೇ ಅಂಗಳ.

ಅಲ್ಲಿ ಮಕ್ಕಳು ತೆಳುವಾದ ಬಣ್ಣದ ಕಾಗದವನ್ನು ಮಡಚಿ, ಕತ್ತರಿಸಿ, ದಾರಕ್ಕೆ ಅಂಟಿಸಿ ತೋರಣ ಕಟ್ಟುತ್ತಾರೆ. ನಮ್ಮ ಚರ್ಚಿನ ಹಬ್ಬದ ಪತಾಕೆಗಳ ಬಂಧುವೇ ಸರಿ. ಬಳಿಕ ಪಿನ್ಯಾತ. ಮಿಠಾಯಿ ತುಂಬಿ ತೂಗುಹಾಕಿದ ಬುರುಡೆಯನ್ನು ಕಣ್ಣು ಕಟ್ಟಿಕೊಂಡು ಕೋಲಿನಿಂದ ಒಡೆಯುವ ಆಟವಿದು. ಮೆಕ್ಸಿಕೋದಲ್ಲಿ ಇದನ್ನು ಧರ್ಮೋಪದೇಶಕ್ಕೂ ಬಳಸಿದರು: ನಕ್ಷತ್ರಾಕಾರದ ಏಳು ಕೋನಗಳು ಏಳು ಮಹಾಪಾಪಗಳು, ಕಟ್ಟಿದ ಕಣ್ಣು ವಿಶ್ವಾಸ, ಮೇಲಿನಿಂದ ಸುರಿಯುವ ಮಿಠಾಯಿ ದೇವರ ವರಪ್ರಸಾದ.

ನನ್ನ ಮಟ್ಟಿಗೆ ಇವೆರಡಕ್ಕಿಂತಲೂ ಮೇಲಾದುದು ಲೊತೆರಿಯಾ. ಧರ್ಮಕೇಂದ್ರದ ಸಮಾರಂಭಗಳಲ್ಲಿ ಹೌಸಿ ಆಡಿದವರಿಗೆ ಇದನ್ನು ಬಹಳ ವಿವರಿಸಬೇಕಾಗಿಲ್ಲ. ಸಂಖ್ಯೆಗಳ ಬದಲಿಗೆ ಇಲ್ಲಿ ಚಿತ್ರಗಳು: ಹುಂಜ, ಸೂರ್ಯ, ಏಣಿ, ಮತ್ಸ್ಯಕನ್ಯೆ ಹೀಗೆ 54 ಎಲೆಗಳು. ಆಟಗಾರನ ಫಲಕದಲ್ಲಿ 16 ಚಿತ್ರಗಳಿದ್ದು, ಕೂಗಿದ ಚಿತ್ರದ ಮೇಲೆ ಹುರುಳಿಕಾಯಿಯ ಬೀಜವನ್ನಿಡಬೇಕು. ಕೂಗುವವರು ಬರಿಯ ಹೆಸರು ಹೇಳದೆ ಒಗಟಿನಂತಹ ಒಂದು ಸಾಲನ್ನು ಹೇಳುವುದುಂಟು. ಶಾಲೆಯಲ್ಲಿ ಇಂಗ್ಲಿಷನ್ನಷ್ಟೇ ಕಲಿತ ಮಗುವೂ ಗೆಲ್ಲಬೇಕಾದರೆ ಅಜ್ಜಿಯ ಭಾಷೆಗೆ ಕಿವಿಗೊಡಲೇಬೇಕು! ಬಣ್ಣ ಬಳಿದ ಕಾಗದದ ಟೋಪಿಯೊಂದನ್ನು ತೊಡಿಸಿ ಮನೆಗೆ ಕಳುಹಿಸುವುದರಿಂದ ಈ ಲಾಭ ದೊರೆಯದು.

ಗ್ರಂಥಾಲಯಕ್ಕೆ ಈ ಭಾಷೆಯನ್ನು ಕರೆತಂದವರಲ್ಲಿ ಪ್ರಮುಖರು ಪೋರ್ಟೊರಿಕೊ ದ್ವೀಪದ ಪೂರಾ ಬೆಲ್ಪ್ರೆ. 1921ರಲ್ಲಿ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಹಾರ್ಲೆಮ್ ಶಾಖೆಯಲ್ಲಿ ಕೆಲಸಕ್ಕೆ ಸೇರಿದ ಆಕೆಗೆ ಕಪಾಟುಗಳಲ್ಲಿ ತನ್ನ ನಾಡಿನ ಜಾನಪದ ಕಥೆಗಳು ಕಾಣಸಿಗಲಿಲ್ಲ. ತನ್ನ ಅಜ್ಜಿ ಹೇಳಿದ್ದ ಕಥೆಯನ್ನೇ ಆಕೆ ಮಕ್ಕಳಿಗೆ ಹೇಳತೊಡಗಿದರು. ಮಾರ್ತಿನಾ ಎಂಬ ಜಿರಲೆ ಹಾಗೂ ಪೆರೆಸ್ ಎಂಬ ಇಲಿಯ ಆ ಕಥೆ 1932ರಲ್ಲಿ ಪುಸ್ತಕವಾಯಿತು. ಕಥೆಗಳಿಗೆ ಸೂತ್ರದ ಹಂಗಿಲ್ಲದ ಕೈಗೊಂಬೆಗಳನ್ನೂ ಬಳಸಿದರು. 115ನೆಯ ಬೀದಿಯ ಶಾಖೆಯಲ್ಲಿ ಮೂವರು ರಾಜರ ಹಬ್ಬವನ್ನೂ ನಡೆಸಿದರು. ಪೋರ್ಟೊರಿಕೊದ ಮಕ್ಕಳು ಹಬ್ಬದ ಹಿಂದಿನ ರಾತ್ರಿ ರಾಜರ ಒಂಟೆಗಳಿಗೆಂದು ಪೆಟ್ಟಿಗೆಯಲ್ಲಿ ಹುಲ್ಲಿಡುವುದು ವಾಡಿಕೆ. ದ್ವೀಪ ಬಿಟ್ಟು ಬಂದ ತಾಯಂದಿರಿಗೆ, ಆ ಹಬ್ಬ ಊರಿನ ಗ್ರಂಥಾಲಯದಲ್ಲೇ ನಡೆಯುವುದೆಂದರೆ ಸಣ್ಣ ಮಾತಲ್ಲ. ಬೆಲ್ಪ್ರೆ 1982ರಲ್ಲಿ ನಿಧನರಾದರು. 1996ರಿಂದ ಲ್ಯಾಟಿನೋ ಮಕ್ಕಳ ಸಾಹಿತ್ಯಕ್ಕೆ ಆಕೆಯ ಹೆಸರಿನ ಪ್ರಶಸ್ತಿ ಸಲ್ಲುತ್ತಿದೆ.

ಮುಂಬಯಿಗೂ ಕೊಲ್ಲಿ ರಾಷ್ಟ್ರಗಳಿಗೂ ಹೋಗಿ ನೆಲೆಸಿದ ನಮ್ಮ ಕರಾವಳಿಯ ಕುಟುಂಬಗಳಲ್ಲಿ, ಅಜ್ಜಿ ಕೊಂಕಣಿಯಲ್ಲಿ ಕೇಳಿದ್ದಕ್ಕೆ ಮೊಮ್ಮಗ ಇಂಗ್ಲಿಷಿನಲ್ಲಿ ಉತ್ತರಿಸುವುದು ಅಪರೂಪವೇನಲ್ಲ. ಲೊತೆರಿಯಾ ಮಾಡಿಕೊಳ್ಳಲು ಹೆಚ್ಚಿನ ಖರ್ಚೂ ಇಲ್ಲ. ರಟ್ಟಿನ ಮೇಲೆ 16 ಮನೆಗಳನ್ನು ಗೀಚಿ, ತೆಂಗಿನಮರ, ದೋಣಿ, ಬಂಗುಡೆ, ಅರೆಯುವ ಕಲ್ಲು, ಚರ್ಚಿನ ಗಂಟೆಗಳನ್ನು ಮಕ್ಕಳೇ ಬರೆಯಲಿ. ಗುರುತಿಗೆ ಹುಣಸೆಬೀಜ ಸಾಕು. ಕೂಗುವ ಕೆಲಸವನ್ನು ಮಾತ್ರ ಅಜ್ಜಿಗೇ ಬಿಡಬೇಕು.