ಢಾಕಾದ ಕಾಲರಾ ಆಸ್ಪತ್ರೆ, ದೂರದ ದುಡ್ಡು

ಪ್ಲಾಸ್ಟಿಕ್ ಹಾಳೆ ಹೊದಿಸಿದ ಮಂಚ. ನಟ್ಟನಡುವೆ ಒಂದು ತೂತು, ಕೆಳಗೊಂದು ಬಕೆಟ್. ರೋಗಿಯ ಮೈಯಿಂದ ಎಷ್ಟು ನೀರು ಹೋಯಿತೆಂದು ಬಕೆಟ್ ನೋಡಿ ಅಳೆಯುತ್ತಾರೆ, ಅಷ್ಟನ್ನು ಮತ್ತೆ ಒಳಗೆ ತುಂಬುತ್ತಾರೆ. ಢಾಕಾದ ಮೊಹಾಖಾಲಿಯಲ್ಲಿರುವ ಐಸಿಡಿಡಿಆರ್,ಬಿ ಸಂಶೋಧನಾ ಕೇಂದ್ರದ ಆಸ್ಪತ್ರೆಯ ಗುರುತೇ ಈ ಮಂಚ. ಅಷ್ಟುದ್ದದ ಹೆಸರಿನ ಗೊಡವೆ ಊರಿನವರಿಗಿಲ್ಲ. ಅವರಿಗೆ ಇದು ಕಾಲರಾ ಆಸ್ಪತ್ರೆ.

ಸಿರಿವಂತ ದೇಶಗಳಲ್ಲೇ ವೈದ್ಯಕೀಯ ಸಂಶೋಧನೆ ಹುಲುಸಾಗಿ ಬೆಳೆಯುತ್ತದೆ ಎನ್ನುವುದು ಬಹುಮಟ್ಟಿಗೆ ನಿಜ. ಹಾಗಿರುವಾಗ ಈ ಬಡ ಊರಿನಿಂದ ಇಷ್ಟೆಲ್ಲ ಸಂಶೋಧನೆ ಹೇಗೆ ಹೊರಬಂತು? ರೋಗ ಇಲ್ಲಿಯದು, ದುಡ್ಡು ಹೊರಗಿನದು. ಸಂಸ್ಥೆ 1960ರಲ್ಲಿ ಶುರುವಾದದ್ದು ಅಮೆರಿಕ ಮುನ್ನಡೆಸುತ್ತಿದ್ದ ಸೀಟೊ ಸೈನಿಕ ಒಕ್ಕೂಟದ ಕಾಲರಾ ಪ್ರಯೋಗಾಲಯವಾಗಿ. ಶೀತಲ ಸಮರದ ಕಾಲ ಅದು. ಏಷ್ಯಾಕ್ಕೆ ಬರುವ ತನ್ನ ಸೈನಿಕರ ಚಿಂತೆಯೂ ಅಮೆರಿಕಕ್ಕಿತ್ತು. ಬರೀ ಕರುಣೆಯಿಂದ ಬಂದ ಹಣವೇನಲ್ಲ.

ಫಲ ಮಾತ್ರ ಎಲ್ಲರಿಗೂ ಸಿಕ್ಕಿತು. ಗ್ಲೂಕೋಸ್ ಜೊತೆಗಿದ್ದರೆ ಕಾಲರಾದಲ್ಲೂ ಕರುಳು ಉಪ್ಪನ್ನು, ಅದರೊಂದಿಗೆ ನೀರನ್ನು ಹೀರಿಕೊಳ್ಳುತ್ತದೆ. ಇದೇ ತತ್ವದ ಮೇಲೆ ಡೇವಿಡ್ ನಲಿನ್, ರಿಚರ್ಡ್ ಕ್ಯಾಶ್ ಎಂಬ ಯುವ ವೈದ್ಯರು 1968ರಲ್ಲಿ ರೋಗಿಗಳಿಗೆ ದ್ರಾವಣ ಕುಡಿಸಿ ನೋಡಿದರು. ಡ್ರಿಪ್ ಬಾಟಲಿಗಳ ಅಗತ್ಯ ಶೇ 80ರಷ್ಟು ಇಳಿಯಿತು. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ಗಡಿ ದಾಟಿ ಭಾರತದ ಬನಗಾಂವ್ ಶಿಬಿರ ಸೇರಿದಾಗ, ಸಲೈನ್ ಸಾಲದೆ ಕಂಗಾಲಾದ ವೈದ್ಯ ದಿಲೀಪ್ ಮಹಲನಬೀಸ್ ಇದೇ ದಾರಿ ಹಿಡಿದು ಸಾವಿನ ಪ್ರಮಾಣವನ್ನು ಶೇ 3.6ಕ್ಕೆ ಇಳಿಸಿದರು. ನಮ್ಮ ಆಶಾ ಕಾರ್ಯಕರ್ತೆಯರು ಕೊಡುವ ಓಆರ್‌ಎಸ್ ಪೊಟ್ಟಣದ ಹಿಂದಿರುವುದು ಇದೇ ಕಥೆ.

ಢಾಕಾದ ಈ ಆಸ್ಪತ್ರೆಯ ವೈದ್ಯರು ಅಗ್ಗದ ದಾರಿ ಹುಡುಕುವುದರಲ್ಲಿ ನಿಸ್ಸೀಮರು. ನ್ಯುಮೋನಿಯಾ ಮಕ್ಕಳಿಗೆ ಉಸಿರಾಟದ ಆಸರೆ ಕೊಡುವ ದುಬಾರಿ ಯಂತ್ರದ ಬದಲು ಮೊಹಮ್ಮದ್ ಜೊಬಾಯರ್ ಚಿಸ್ತಿ ಬಳಸಿದ್ದು ಖಾಲಿ ಶಾಂಪೂ ಬಾಟಲಿ. ಅದರಲ್ಲಿ ನೀರು ತುಂಬಿ, ಮಗು ಬಿಟ್ಟ ಉಸಿರು ಕೊಳವೆಯ ಮೂಲಕ ಗುಳುಗುಳು ಗುಳ್ಳೆಯಾಗಿ ಹೊರಬರುವಂತೆ ಮಾಡಿದರು. ಆ ಒತ್ತಡಕ್ಕೆ ಶ್ವಾಸಕೋಶ ಕುಸಿಯದೆ ನಿಲ್ಲುತ್ತದೆ. 2015ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಮಾಮೂಲಿ ಆಮ್ಲಜನಕ ಪಡೆದ ಮಕ್ಕಳಲ್ಲಿ ಶೇ 15 ಮಂದಿ ತೀರಿಕೊಂಡರೆ ಈ ಬಾಟಲಿಯ ಆಸರೆ ಪಡೆದವರಲ್ಲಿ ಶೇ 4.

ಶಾಂಪೂ ಬಾಟಲಿ ಅಗ್ಗ, ಸಂಶೋಧನೆ ಅಗ್ಗವಲ್ಲ. ಬಾಂಗ್ಲಾದೇಶದ ಮತ್ಲಬ್ ಪ್ರದೇಶದ ಹಳ್ಳಿಗಳಲ್ಲಿ ಸಂಸ್ಥೆಯವರು 1966ರಿಂದ ಮನೆಮನೆಗೆ ಹೋಗಿ ಹುಟ್ಟು, ಸಾವು, ವಲಸೆ ಬರೆದುಕೊಳ್ಳುತ್ತಿದ್ದಾರೆ. ಜಗತ್ತಿನ ಯಾವುದೇ ಜನಸಂಖ್ಯಾ ತಜ್ಞನಿಗೂ ಇದು ನಿಧಿ. ಆದರೆ ಪ್ರತಿ ತಿಂಗಳೂ ಯಾರಾದರೂ ಹೀಗೆ ಮನೆ ಸುತ್ತುವವರ ಸಂಬಳ ಕೊಡಬೇಕು. ಫೋಟೊಕ್ಕೆ ಒದಗದ ಇಂಥ ಕೆಲಸಕ್ಕೆ ಕೈಬಿಚ್ಚುವ ದಾನಿಗಳು ಕಡಿಮೆ.

2025ರ ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ತಡೆಹಿಡಿಯಿತು. ಕೆಲವೇ ದಿನಗಳಲ್ಲಿ ಸಂಸ್ಥೆ ಸಾವಿರಕ್ಕೂ ಹೆಚ್ಚು ಮಂದಿಯನ್ನು ಕೆಲಸದಿಂದ ತೆಗೆಯಬೇಕಾಯಿತು. ಕ್ಷಯರೋಗದ ಕೆಲಸದಲ್ಲಿದ್ದವರೂ ಅವರಲ್ಲಿದ್ದರು.