ಬಿಡದ ಚಿಂತೆಯನ್ನು ಬಿಡುವ ಬಗೆ



ಹಸು ಮೇವನ್ನು ಮೆಲುಕು ಹಾಕಿದರೆ ಅದು ಅರಗುತ್ತದೆ. ಮನುಷ್ಯ ಚಿಂತೆಯನ್ನು ಮೆಲುಕು ಹಾಕಿದರೆ ಅದು ಬೆಳೆಯುತ್ತದೆ. ಕೊಳವೆ ಬಾವಿ ಬತ್ತುವುದು, ಸಾಲದ ಗಡುವು ಬರುವುದು, ದಾಯಾದಿ ಬದು ಒತ್ತುವುದು ಹೊರಗಿನ ಕಷ್ಟಗಳು. ಇವಕ್ಕೆ ಸಹಕಾರ ಸಂಘ, ಬ್ಯಾಂಕು, ತಾಲ್ಲೂಕು ಕಚೇರಿಗಳಿಗೆ ಅಲೆಯಲೇಬೇಕು. ಧ್ಯಾನದಿಂದ ಸಾಲ ತೀರುವುದಿಲ್ಲ. ಆದರೆ "ನನ್ನಿಂದ ಇನ್ನೇನೂ ಆಗದು" ಎಂದು ರಾತ್ರಿಯೆಲ್ಲ ಹೊರಳಾಡುವುದು ಬೇರೆಯೇ ಕಷ್ಟ. ಅದಕ್ಕೊಂದು ಸಾಧನೆಯುಂಟು.

ಬುದ್ಧನ ಕಾಲದಿಂದ ಬಂದುದೆಂದು ಹೇಳುವ ಆ ಸಾಧನೆಯ ಹೆಸರು ವಿಪಶ್ಯನ. ಇದ್ದುದನ್ನು ಇದ್ದ ಹಾಗೆಯೇ ನೋಡುವುದೆಂದು ಅರ್ಥ. ಇದನ್ನು ಭಾರತದಲ್ಲಿ ಮತ್ತೆ ಹರಡಿದವರು ಸತ್ಯನಾರಾಯಣ ಗೋಯೆಂಕಾ. ಅವರು ಬರ್ಮಾ ದೇಶದ ವ್ಯಾಪಾರಿ. ಮಾರ್ಫಿನ್ ಚುಚ್ಚಿಸಿಕೊಳ್ಳಬೇಕಾಗುವಷ್ಟು ತೀವ್ರವಾದ ತಲೆಶೂಲೆ ಅವರಿಗಿತ್ತು. 1955ರಲ್ಲಿ ಅಲ್ಲಿಯ ಸರ್ಕಾರಿ ಲೆಕ್ಕಪತ್ರ ಅಧಿಕಾರಿ ಊ ಬಾ ಖಿನ್ ಅವರ ಬಳಿಗೆ ಹೋದಾಗ, ಬರೀ ತಲೆಶೂಲೆ ವಾಸಿಮಾಡಿಕೊಳ್ಳಲು ಬರಬೇಡಿ ಎಂದು ಗುರುಗಳು ಮೊದಲಿಗೆ ಒಪ್ಪಲಿಲ್ಲವಂತೆ! ಗೋಯೆಂಕಾ 1969ರಲ್ಲಿ ಭಾರತಕ್ಕೆ ಬಂದು ಕಲಿಸತೊಡಗಿದರು, 2013ರಲ್ಲಿ ತೀರಿಕೊಂಡರು. ಶಿಬಿರಗಳು ಇಂದಿಗೂ ನಡೆಯುತ್ತಿವೆ.

ಶಿಬಿರ ಹತ್ತು ದಿನಗಳದು. ಬೆಳಗಿನ ನಾಲ್ಕಕ್ಕೆ ಏಳಬೇಕು. ನಮಗೆ ಅದೇನೂ ಹೊಸತಲ್ಲ; ಮಾತಾಡದೆ ಇರುವುದೇ ಕಷ್ಟ. ಒಂಬತ್ತು ದಿನ ಮೌನ, ಮೊಬೈಲು ಕೈಯಲ್ಲಿರುವಂತಿಲ್ಲ, ಬೀಡಿ ಹೊಗೆಸೊಪ್ಪು ಕೂಡದು. ಮೊದಲು ಮೂಗಿನ ಹೊಳ್ಳೆಗಳಲ್ಲಿ ಉಸಿರು ತಾನಾಗಿ ಬಂದು ಹೋಗುವುದನ್ನು ಗಮನಿಸುತ್ತ ಕುಳಿತಿರುವುದು. ಮನಸ್ಸು ಸಾಲದ ಕಡೆಗೆ, ಜಗಳದ ಕಡೆಗೆ ಓಡುತ್ತದೆ. ಹೊಲಕ್ಕೆ ನುಗ್ಗಿದ ಕರುವನ್ನು ಬಡಿಯದೆ ಹಗ್ಗ ಹಿಡಿದು ಕರೆತರುವಂತೆ ಅದನ್ನು ಮತ್ತೆ ಉಸಿರಿಗೆ ತರಬೇಕು. ನಾಲ್ಕನೆಯ ದಿನದಿಂದ ಮೈಯೊಳಗಿನ ಉರಿ, ನೋವು, ಜುಮ್ಮೆನ್ನುವಿಕೆಗಳನ್ನು ನೋಡುವ ಅಭ್ಯಾಸ. ಕೋಪ ಬಂದಾಗ ಎದೆ ಬಿಸಿಯಾಗುತ್ತದೆ, ಭಯವಾದಾಗ ಹೊಟ್ಟೆ ಹಿಂಡುತ್ತದೆ. ಅದರ ಹಿಂದೆ ಓಡದೆ, ಅದನ್ನು ಅದುಮದೆ ಸುಮ್ಮನೆ ನೋಡುತ್ತಿದ್ದರೆ ಅದು ಏರಿ ಇಳಿಯುವುದು ಕಾಣುತ್ತದೆ. ಹೀಗೆ ನೂರು ಸಲ ಕಂಡ ಮೇಲೆ, ಕೆಟ್ಟ ಯೋಚನೆ ಬಂದರೂ ಅದರ ಹಿಡಿತ ಸಡಿಲವಾಗುತ್ತದೆ ಎಂಬುದೇ ಈ ಸಾಧನೆಯ ತಿರುಳು. ಮನೆಗೆ ಬಂದ ಮೇಲೆ ದಿನವೂ ಕೂರದಿದ್ದರೆ ಫಲ ನಿಲ್ಲುವುದಿಲ್ಲ.

ಊಟ ವಸತಿಗೆ ಶುಲ್ಕವಿಲ್ಲ. ಶಿಬಿರ ಮುಗಿಸಿದವರು ಇಷ್ಟಪಟ್ಟು ಕೊಟ್ಟ ಕಾಣಿಕೆಯಿಂದಲೇ ನಡೆಯುತ್ತದೆ. ಯಾವ ಜಾತಿ ಮತದವರಾದರೂ ಹೋಗಬಹುದು. ಹೆಂಗಸರಿಗೆ ಬೇರೆ ವಸತಿಯುಂಟು.

ಒಂದು ಎಚ್ಚರಿಕೆ. ತೀವ್ರವಾದ ಮಾನಸಿಕ ಕಾಯಿಲೆ ಇರುವವರಿಗೆ ಇದು ತಕ್ಕುದಲ್ಲ. ಒಂಬತ್ತು ದಿನದ ಮೌನದಿಂದ ಕಾಯಿಲೆ ಹೆಚ್ಚಲೂಬಹುದು. ಅಂಥವರನ್ನು ವೈದ್ಯರಲ್ಲಿಗೆ ಕರೆದೊಯ್ಯಬೇಕು. ಮನೆಯಲ್ಲಿ ಯಾರಾದರೂ ಸಾಯುವ ಮಾತಾಡಿದರೆ ಹಗುರವಾಗಿ ತಿಳಿಯಬೇಡಿ. ಅವರನ್ನು ಒಂಟಿಯಾಗಿ ಬಿಡಬೇಡಿ, ಕೀಟನಾಶಕದ ಡಬ್ಬಿಗಳನ್ನು ಅವರ ಕೈಗೆ ಸಿಗದಂತೆ ಬೀಗದಲ್ಲಿಡಿ, ಕೂಡಲೇ 14416ಕ್ಕೆ ಫೋನು ಮಾಡಿ. 2022ರಲ್ಲಿ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಯಿದು; ಹಗಲಿರುಳೂ ಉಚಿತ, ಕನ್ನಡದಲ್ಲಿಯೇ ಮಾತಾಡಬಹುದು.

ಶಿಬಿರಕ್ಕೆ ಹೋಗಬಯಸುವವರಿಗೆ ಬೆಂಗಳೂರಿನ ಹೊರಗೆ, ತುಮಕೂರು ರಸ್ತೆಯ ಕಡೆಯ ಆಲೂರಿನಲ್ಲಿ ಧಮ್ಮ ಪಫುಲ್ಲ ಎಂಬ ಕೇಂದ್ರವಿದೆ. ಅರ್ಜಿಯನ್ನು ಮುಂಚಿತವಾಗಿ ಹಾಕತಕ್ಕದ್ದು. ನಡುವೆ ಎದ್ದು ಬರುವಂತಿಲ್ಲವಾದ್ದರಿಂದ, ಒಕ್ಕಣೆ ಮುಗಿದ ಮೇಲಿನ ದಿನಗಳನ್ನು ಆರಿಸಿಕೊಂಡು, ದನಕರುಗಳನ್ನು ಹತ್ತು ದಿನ ಯಾರು ನೋಡಿಕೊಳ್ಳುವರೆಂದು ಮನೆಯವರೊಡನೆ ಮೊದಲೇ ಗೊತ್ತುಮಾಡಿಕೊಂಡು ಹೊರಡಿರಿ.