ಬಲ್ಬು ಸರಿಯಿದೆ, ಅರ್ತ್ ಇಲ್ಲ

ಶೃಂಗೇರಿಯಿಂದ ನೆಮ್ಮಾರ್ ದಾಟಿ ಕೆರೆಕಟ್ಟೆಯತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 169 ಮುಂದೆ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡನ್ನು ಹೊಗುತ್ತದೆ. ತಿರುವುಗಳು ಹೆಚ್ಚು, ಬೀದಿದೀಪ ಕಡಿಮೆ. ಕತ್ತಲಾದ ಮೇಲೆ ಗೊನೆಯೋ ಗೊಬ್ಬರವೋ ತುಂಬಿಕೊಂಡು ನಿಧಾನವಾಗಿ ಹೋಗುವ ಟ್ರೇಲರ್ ಒಂದಿದೆ ಎಂದು ಹಿಂದಿನ ಬಸ್ಸಿನ ಚಾಲಕನಿಗೆ ತಿಳಿಯಬೇಕಾದರೆ ಅದರ ಕೆಂಪು ದೀಪ ಉರಿಯುತ್ತಿರಬೇಕು. ಕೈಕೊಡುವುದೂ ಅದೇ.

ಅದು ಕೈಕೊಡುವ ರೀತಿಯೂ ವಿಚಿತ್ರ. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂಕಾಗಿ ಹೊತ್ತಿಕೊಳ್ಳುತ್ತದೆ. ಇಂಡಿಕೇಟರ್ ಹಾಕಿದರೆ ಟೈಲ್ ಲ್ಯಾಂಪ್ ಮಿಣುಕುತ್ತದೆ. ಹೆಚ್ಚಿನವರು ಮೊದಲು ಮಾಡುವ ಕೆಲಸ ಬಲ್ಬು ಬದಲಾಯಿಸುವುದು. ಬಲ್ಬಿನ ಅಂಗಡಿಗೆ ಲಾಭ, ಟ್ರೇಲರಿಗೆ ಏನೂ ಇಲ್ಲ.

ಬ್ಯಾಟರಿಯಿಂದ ಬಲ್ಬಿಗೆ ಹೋದ ಕರೆಂಟು ವಾಪಸು ಬರಲು ದಾರಿ ಬೇಕು, ಅದೇ ಅರ್ತ್. ಟ್ರ್ಯಾಕ್ಟರಿನಲ್ಲಿ ಕಬ್ಬಿಣದ ಬಾಡಿಯೇ ಆ ದಾರಿ. ಟ್ರೇಲರ್ ಬೇರೆಯೇ ಗಾಡಿ. ಎಷ್ಟೋ ಕಡೆ ಅರ್ತ್‌ಗೆ ವೈರನ್ನೇ ಎಳೆಯದೆ ಹುಕ್ಕನ್ನು ನಂಬಿರುತ್ತಾರೆ. ಹುಕ್ಕಿನಲ್ಲಿ ಇರುವುದು ತುಕ್ಕು, ಗ್ರೀಸು, ಮಣ್ಣು. ಅಲ್ಲಿ ದಾರಿ ಕಟ್ಟಿದೊಡನೆ ಬ್ರೇಕ್ ಬಲ್ಬಿನ ಕರೆಂಟು ಉಳಿದ ಬಲ್ಬುಗಳ ತಂತಿಯೊಳಗೆ ನುಗ್ಗಿ, ಅವುಗಳ ವೈರಿನಲ್ಲೇ ಹಿಮ್ಮುಖವಾಗಿ ಟ್ರ್ಯಾಕ್ಟರಿಗೆ ಮರಳುತ್ತದೆ. ಎಲ್ಲವೂ ಅರೆಬರೆ ಉರಿಯುವುದು ಇದಕ್ಕೇ.

ಪರೀಕ್ಷೆ ಸುಲಭ. ಒಂದು ಉದ್ದ ವೈರಿನ ಒಂದು ತುದಿಯನ್ನು ಟ್ರ್ಯಾಕ್ಟರ್ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಟ್ರೇಲರ್ ದೀಪದ ಅರ್ತ್‌ಗೆ ಹಿಡಿಯಬೇಕು. ದೀಪ ಸರಿಯಾಗಿ ಹೊತ್ತಿದರೆ ಕಳ್ಳ ಸಿಕ್ಕಿದ ಹಾಗೆ. ಆಮೇಲೆ ಅರ್ತ್‌ಗೆಂದೇ ಬೇರೆ ವೈರು ಎಳೆದು, ಬಣ್ಣ ಕೆರೆದ ಕಬ್ಬಿಣಕ್ಕೆ ಬೋಲ್ಟ್ ಬಿಗಿದು, ಮೇಲೆ ಗ್ರೀಸ್ ಸವರಬೇಕು.

ಅರ್ತ್ ಸರಿಯಿದ್ದೂ ದೀಪ ಹೊತ್ತದಿದ್ದರೆ ಟ್ರೇಲರನ್ನು ಕಳಚಿ, ಟ್ರ್ಯಾಕ್ಟರಿನ ಸಾಕೆಟ್ಟಿಗೆ ಟೆಸ್ಟ್ ಲ್ಯಾಂಪ್ ಹಿಡಿಯುವುದು ಒಳ್ಳೆಯದು. ಅಲ್ಲಿ ಕರೆಂಟು ಬರದಿದ್ದರೆ ದೋಷ ಟ್ರ್ಯಾಕ್ಟರಿನದು: ಫ್ಯೂಸ್, ಸ್ವಿಚ್ ನೋಡಬೇಕು. ಬಂದರೆ ಟ್ರೇಲರಿನದು. ಏಳು ಪಿನ್ನಿನ ಸಾಕೆಟ್ಟಿನ ಅಂತರರಾಷ್ಟ್ರೀಯ ಕ್ರಮದಲ್ಲಿ (ಐಎಸ್‌ಒ 1724) 1 ಎಡ ಇಂಡಿಕೇಟರ್, 4 ಬಲ ಇಂಡಿಕೇಟರ್, 6 ಬ್ರೇಕ್, 3 ಅರ್ತ್; ಅರ್ತ್ ವೈರಿನ ಬಣ್ಣ ಬಿಳಿ. ಕೈಗೆ ಸಿಕ್ಕ ಬಣ್ಣದ ವೈರು ಹಾಕಿ ರಿಪೇರಿ ಮಾಡಿದ ಗಾಡಿಗಳೇ ಹೆಚ್ಚಿರುವಲ್ಲಿ ಬಣ್ಣಕ್ಕಿಂತ ಟೆಸ್ಟ್ ಲ್ಯಾಂಪನ್ನು ನಂಬುವುದು ಮೇಲು.

ಮಲೆನಾಡಿನಲ್ಲಿ ಈ ಕಾಟ ಹೆಚ್ಚಲು ಕಾರಣವಿದೆ. ನೆರೆಯ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಸಾಕೆಟ್ಟಿನೊಳಗೆ ನೀರು ನಿಂತು ಹಿತ್ತಾಳೆ ಪಿನ್ನಿಗೆ ಹಸಿರು ಕಿಲುಬು ಹಿಡಿಯುತ್ತದೆ. ಕೊಳೆರೋಗದ ಔಷಧಿಯ ಡ್ರಮ್ಮು ಹೊರುವ ಟ್ರೇಲರಿಗಂತೂ ಮೈಲುತುತ್ತದ ಪಾಲೂ ಸೇರುತ್ತದೆ. ಸುಣ್ಣ ಸಾಲದ ಬೋರ್ಡೋ ದ್ರಾವಣಕ್ಕೆ ಕತ್ತಿ ಅದ್ದಿದರೆ ಅಲಗಿಗೆ ತಾಮ್ರ ಕೂರುವುದನ್ನು ಅಡಿಕೆ ಬೆಳೆಗಾರರು ಬಲ್ಲರು. ಕಬ್ಬಿಣವನ್ನು ಹಾಗೆ ತಿನ್ನುವ ಮೈಲುತುತ್ತ ಟ್ರೇಲರಿನ ತಳಕ್ಕೆ ಸೋರಿದರೆ ಅರ್ತ್ ಬೋಲ್ಟನ್ನೂ ಬಿಡುವುದಿಲ್ಲ. ಇನ್ನು ಮಳೆಗಾಲವಿಡೀ ಕೊಟ್ಟಿಗೆಯಲ್ಲಿ ನಿಂತ ಗಾಡಿಯ ವೈರು ಇಲಿಗೆ ಮೀಸಲು.

ಹುಕ್ಕಿನ ಬಳಿ ವೈರು ಬಿಗಿಯಾಗಿದ್ದರೆ ತಿರುವಿನಲ್ಲಿ ಎಳೆದು ಕಿತ್ತುಬರುತ್ತದೆ. ಸಡಿಲವಾಗಿ ಜೋತಾಡಿದರೆ ಉಜ್ಜಿ ಸಿಪ್ಪೆ ಸುಲಿದು ಫ್ಯೂಸ್ ಹಾರುತ್ತದೆ. ಹಾರಿದ ಫ್ಯೂಸಿನ ಜಾಗಕ್ಕೆ ತಾಮ್ರದ ತಂತಿ ಸುತ್ತಿ ಹೊರಡುವವರಿದ್ದಾರೆ. ಮುಂದೆ ಸುಡುವುದು ವೈರಿಂಗೇ.

ಅಮೆರಿಕದಲ್ಲಿ ಕಾರಿಗೆ ಕ್ಯಾಂಪರ್ ಕಟ್ಟಿಕೊಂಡು ರಜೆಗೆ ಹೊರಡುವ ಕನ್ನಡ ಕುಟುಂಬಕ್ಕೂ ತಲೆನೋವು ಇದೇ. ಅಲ್ಲಿ ಚಿಕ್ಕ ಟ್ರೇಲರುಗಳಿಗೆ ನಾಲ್ಕೇ ಪಿನ್ನಿನ ಚಪ್ಪಟೆ ಪ್ಲಗ್. ಬ್ರೇಕ್ ಮತ್ತು ಇಂಡಿಕೇಟರಿಗೆ ಒಂದೇ ವೈರು. ಎರಡೂ ಬೇರೆ ಬೇರೆ ಇರುವ ಕಾರಿಗೆ ಅದನ್ನು ಕಟ್ಟಲು ನಡುವೆ ಕನ್ವರ್ಟರ್ ಬೇಕು. ಅರ್ತ್ ಮಾತ್ರ ಅಲ್ಲಿಯೂ ಬಿಳಿ ವೈರೇ.

ಈಚೆಗೆ ಎಲ್‌ಇಡಿ ಹಾಕಿಸುವವರು ಹೆಚ್ಚಿದ್ದಾರೆ. 12 ವೋಲ್ಟಿನ 21 ವ್ಯಾಟ್ ಬಲ್ಬು ಸುಮಾರು 1.75 ಆಂಪಿಯರ್ ಎಳೆದರೆ ಎಲ್‌ಇಡಿಗೆ ಅದರ ಒಂದಿಷ್ಟು ಪಾಲು ಸಾಕು. ಹಳೆಯ ಫ್ಲ್ಯಾಶರ್ ಬಲ್ಬು ಹೋಗಿದೆಯೆಂದು ತಿಳಿದು ಇಂಡಿಕೇಟರನ್ನು ಪಟಪಟನೆ ಮಿನುಗಿಸತೊಡಗಿದರೆ ಎಲ್‌ಇಡಿಗೆ ಹೊಂದುವ ಫ್ಲ್ಯಾಶರ್ ಹಾಕಿಸಬೇಕು. ವೈರೇ ಬೇಡದ ಎರಡು ಕೆಂಪು ರಿಫ್ಲೆಕ್ಟರುಗಳನ್ನು ಹಿಂದಿನ ಎರಡೂ ಬದಿಗೆ ಕೂರಿಸುವುದಂತೂ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಟ್ರೇಲರಿಗೂ ಕಡ್ಡಾಯ. ಅವುಗಳ ಮೇಲೆ ಕೂತ ಕೆಸರನ್ನು ಒರೆಸಲು ಮೆಕ್ಯಾನಿಕ್ ಬರಬೇಕಿಲ್ಲ.